6 ಸುತ್ತು ಓಟ, ಒಂದೇ ಉತ್ತರ

ಬೆಳಗ್ಗೆ 5:30. ಟ್ರ್ಯಾಕ್‌ನಲ್ಲಿ ಇನ್ನೂ ಯಾರೂ ಬಂದಿಲ್ಲ. ಇದು ನನ್ನ ನಾಲ್ಕನೇ ಸುತ್ತು. ಈ ವಿಡಿಯೊದಲ್ಲಿ ನನ್ನ ಉಸಿರಿನ ಸದ್ದು ಕೇಳಿಸುತ್ತಿದೆ ಅಲ್ವಾ?

1.5 ಮೈಲಿ ಅಂದರೆ ಇಲ್ಲಿ ಸುಮಾರು 6 ಸುತ್ತು. ಅಮೆರಿಕದ ಕರಾವಳಿ ಕಾವಲು ಪಡೆಗೆ ಅಧಿಕಾರಿಗಳನ್ನು ತಯಾರು ಮಾಡುವ ಕೋಸ್ಟ್ ಗಾರ್ಡ್ ಅಕಾಡೆಮಿಯ ದೈಹಿಕ ಪರೀಕ್ಷೆಯಲ್ಲಿ ಓಡಬೇಕಾದ ದೂರ ಇದು. ಮೊದಲೆಲ್ಲ ಶುರುವಿನಲ್ಲೇ ಜೋರಾಗಿ ಓಡಿ, ಕೊನೆಗೆ ಕಾಲೆಳೆಯುತ್ತಿದ್ದೆ. ಈಗ ಮೊದಲ ಸುತ್ತನ್ನು ಬೇಕಂತಲೇ ನಿಧಾನಕ್ಕೆ ಓಡುತ್ತೇನೆ.

ಜುಲೈನಲ್ಲಿ ಕನೆಕ್ಟಿಕಟ್‌ನ ನ್ಯೂ ಲಂಡನ್‌ಗೆ ಹೊರಟಿದ್ದೇನೆ. ಹನ್ನೊಂದನೇ ತರಗತಿ ಮುಗಿಸಿದವರಿಗೆ ಅಲ್ಲಿ ಒಂದು ವಾರದ ಶಿಬಿರವಿದೆ, ಹೆಸರು ಏಮ್. ಅಕಾಡೆಮಿಯಲ್ಲಿ ಓದು ಉಚಿತ. ನಾಲ್ಕು ವರ್ಷ ಓದಿದ ಮೇಲೆ ಐದು ವರ್ಷ ಸೇವೆ ಮಾಡಬೇಕು. ಒಟ್ಟು 9 ವರ್ಷದ ಮಾತು. ಅಮೆರಿಕದ ಭೂಸೇನೆಯ ಅಕಾಡೆಮಿ ವೆಸ್ಟ್ ಪಾಯಿಂಟ್‌ಗೆ ಬೇಕಾಗುವ ಹಾಗೆ ಸಂಸದರ ಶಿಫಾರಸು ಇಲ್ಲಿ ಬೇಕಿಲ್ಲ. ನಾನೇ ಹೋಗಿ ಕಣ್ಣಾರೆ ನೋಡಬೇಕು, ಅವರೂ ನನ್ನನ್ನು ನೋಡಬೇಕು.

ನನ್ನ ರೂಮಿನ ಗೋಡೆ ಮೇಲೆ ಒಂದು ಚಿತ್ರ ಕಾಣುತ್ತಿದೆಯಲ್ಲ, ಅದು ಈಗಲ್. 295 ಅಡಿ ಉದ್ದದ ಹಾಯಿಹಡಗು. 1936ರಲ್ಲಿ ಜರ್ಮನಿಯಲ್ಲಿ ಕಟ್ಟಿದ್ದು, ಯುದ್ಧ ಮುಗಿದ ಮೇಲೆ 1946ರಲ್ಲಿ ಅಮೆರಿಕದ ಕೈಗೆ ಬಂತು. ರೇಡಾರ್, ಉಪಗ್ರಹ ಎಲ್ಲ ಇರುವ ಕಾಲದಲ್ಲೂ ಅಲ್ಲಿನ ಕೆಡೆಟ್‌ಗಳು ಇದರ ಹಗ್ಗ ಎಳೆದು, ಕಂಬ ಹತ್ತಿ ಕಡಲನ್ನು ಕಲಿಯುತ್ತಾರೆ. ಈ ಚಿತ್ರ ನೋಡಿದಾಗಲೆಲ್ಲ ನನಗೆ ಕೈ ತುರಿಸುತ್ತದೆ.

ಪುಶ್-ಅಪ್, ಓಟ ಹೇಗೋ ಸುಧಾರಿಸುತ್ತಿದೆ. ಕಷ್ಟ ಇರುವುದು ಬಾಯಿಯದು. ಹೊಸಬರು ಅಲ್ಲಿ ತಪ್ಪು ಮಾಡಿ, ಯಾಕೆ ಅಂತ ಕೇಳಿದರೆ ಹೇಳಬೇಕಾದ ಉತ್ತರ ಒಂದೇ: "ನೋ ಎಕ್ಸ್‌ಕ್ಯೂಸ್, ಸರ್." ನೆಪ ಇಲ್ಲ, ಅಷ್ಟೇ. ಕಳೆದ ತಿಂಗಳು ಲ್ಯಾಬ್ ವರದಿ ತಡವಾಯಿತು. ಕೇಳಿದ ತಕ್ಷಣ ಪ್ರಿಂಟರ್ ಕೆಟ್ಟಿತ್ತು ಅಂದೆ. ಕೆಟ್ಟಿದ್ದೇನೋ ನಿಜ. ಆದರೆ ಬರೆಯಲು ಕೂತಿದ್ದೇ ಹಿಂದಿನ ರಾತ್ರಿ ಹನ್ನೊಂದಕ್ಕೆ. ಆ ದಿನ ನನಗೆ ನಿದ್ದೆ ಬರಲಿಲ್ಲ.

ಈಗ ಅಮ್ಮನೇ ನನ್ನ ಸಾರ್ಜೆಂಟ್. "ರೂಮ್ ಯಾಕೆ ಹೀಗಿದೆ?" ಅಂತ ಸುಮ್ನೆ ಕೇಳುತ್ತಾರೆ. ಗಂಟಲಿಗೆ ಬಂದ ಕಾರಣವನ್ನು ನುಂಗಿಕೊಂಡು ಕೆಲಸಕ್ಕೆ ಇಳಿಯುತ್ತೇನೆ. ಕೋಸ್ಟ್ ಗಾರ್ಡ್‌ನ ಕೆಲಸವೇ ಮುಳುಗುತ್ತಿರುವವರ ಹತ್ತಿರ ಹೋಗುವುದು. ನಾನು ಹೇಳುವ ಕಾರಣಗಳಿಂದ ಅವರಿಗೆ ಏನೂ ಪ್ರಯೋಜನವಿಲ್ಲ. ದೋಣಿ ಬರಬೇಕು.

ಆರನೇ ಸುತ್ತು ಮುಗಿಯಿತು. 12 ನಿಮಿಷ 40 ಸೆಕೆಂಡ್. ನಿನ್ನೆಗಿಂತ 9 ಸೆಕೆಂಡ್ ಜಾಸ್ತಿ. ಗಾಳಿ ಎದುರಿಗಿತ್ತು ಅಂತ ಹೇಳಲು ಕ್ಯಾಮೆರಾ ಕಡೆ ತಿರುಗಿದ್ದೆ, ನೋಡಿ. ಹೇಳಲಿಲ್ಲ. ನೀರು ಕುಡಿದು ಪುಶ್-ಅಪ್‌ಗೆ ಇಳಿದೆ.