ಕಡಿಮೆ ಖರ್ಚಿನ ಟ್ರಾಲಿ: ಗಾಲಿ, ಹಳಿ ಮತ್ತು ಮಟ್ಟ

ಸಭಿಕರೆಲ್ಲರಿಗೂ ನಮಸ್ಕಾರ.

ಕ್ಯಾಮೆರಾವನ್ನು ಹಳಿಯ ಮೇಲೆ ಸಾಗಿಸುವ ಟ್ರಾಲಿಯನ್ನು ಹುಬ್ಬಳ್ಳಿ-ಧಾರವಾಡದ ಅಂಗಡಿಗಳಲ್ಲಿ ಸಿಗುವ ಸಾಮಾನಿನಿಂದ, ನಮ್ಮ ಕೈಯಾರೆ, ಕಡಿಮೆ ಖರ್ಚಿನಲ್ಲಿ ಕಟ್ಟಿಕೊಳ್ಳುವುದು ಹೇಗೆಂಬುದು ಇಂದಿನ ಉಪನ್ಯಾಸದ ವಿಷಯ. ಕಿರುಚಿತ್ರ, ಸಾಕ್ಷ್ಯಚಿತ್ರ, ಮದುವೆಯ ವಿಡಿಯೊ ಮಾಡುವವರು ಇಲ್ಲಿ ಅನೇಕರಿದ್ದೀರಿ. ಬೆಂಗಳೂರಿನಿಂದ ಟ್ರ್ಯಾಕ್ ಮತ್ತು ಟ್ರಾಲಿ ತರಿಸಿದರೆ ಬಾಡಿಗೆಯ ಮೇಲೆ ಸಾಗಣೆಯ ವೆಚ್ಚ, ಜೊತೆಗೆ ಬರುವ ಹುಡುಗರ ದಿನದ ಬಾಟಾ ಎಲ್ಲವೂ ಸೇರಿ ಸಣ್ಣ ಚಿತ್ರದ ಬಜೆಟ್ ಅಲ್ಲಿಗೇ ಮುಗಿಯುತ್ತದೆಂಬುದು ನಿಮಗೆ ಗೊತ್ತಿರುವ ಸಂಗತಿ. ನಾನು ಹೇಳಬೇಕಾದದ್ದು ಇಷ್ಟೇ: ಕೈಯಲ್ಲಿರುವ ಹಣವನ್ನು ಹಲಗೆ, ಹಿಡಿಕೆ, ಬಣ್ಣಗಳಿಗೆ ಸುರಿಯದೆ ಗಾಲಿಯ ದುಂಡುತನಕ್ಕೆ ಮತ್ತು ಹಳಿಯ ನೇರಕ್ಕೆ ವಿನಿಯೋಗಿಸಬೇಕು.

ಮೊದಲಿಗೆ, ಟ್ರಾಲಿ ಏತಕ್ಕೆ ಬೇಕು? ಗದಗಿನ ತ್ರಿಕೂಟೇಶ್ವರ ದೇವಾಲಯದ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳನ್ನು ನೀವು ನೋಡಿರಬಹುದು. ನಿಂತಲ್ಲೇ ನಿಂತು ಜೂಮ್ ಮಾಡಿದರೆ ಮುಂದಿನ ಕಂಬವೂ ಹಿಂದಿನ ಕಂಬವೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗುತ್ತವೆ. ಅವುಗಳ ನಡುವಿನ ಸಂಬಂಧ ಬದಲಾಗುವುದಿಲ್ಲ. ಕ್ಯಾಮೆರಾವೇ ಒಂದು ಮೀಟರು ಪಕ್ಕಕ್ಕೆ ಸರಿದರೆ ಹತ್ತಿರದ ಕಂಬ ಬೇಗ ಹಾದುಹೋಗುತ್ತದೆ, ದೂರದ್ದು ನಿಧಾನವಾಗಿ ಸರಿಯುತ್ತದೆ, ಮರೆಯಲ್ಲಿದ್ದ ಮೂರನೆಯದು ಕಾಣಿಸಿಕೊಳ್ಳುತ್ತದೆ. ಮಂಟಪಕ್ಕೆ ಆಳ ಬರುವುದು ಹೀಗೆ. (ಸಂರಕ್ಷಿತ ಸ್ಮಾರಕದೊಳಗೆ ಇಂಥ ಸಲಕರಣೆ ಹೂಡಲು ಮುಂಚಿತವಾಗಿ ಅನುಮತಿ ಪಡೆಯಬೇಕೆಂಬುದನ್ನು ಮರೆಯಬೇಡಿ.) ಗಿಂಬಲ್ ಇರುವಾಗ ಇದೆಲ್ಲ ಏಕೆಂದು ಕೇಳುವವರಿದ್ದಾರೆ. ಗಿಂಬಲ್ ಕ್ಯಾಮೆರಾದ ಓಲಾಟವನ್ನು ತಡೆಯುತ್ತದೆ, ಆದರೆ ಹಿಡಿದು ನಡೆಯುವವರ ಹೆಜ್ಜೆಯ ಏರಿಳಿತವನ್ನು ಪೂರ್ತಿಯಾಗಿ ತಡೆಯಲಾರದು. ಅದೇ ಹಾದಿಯನ್ನು ಮತ್ತೊಮ್ಮೆ ತಪ್ಪದೆ ತುಳಿಯುವುದಂತೂ ಕಾಲಿಗೆ ಸಾಧ್ಯವಿಲ್ಲ, ಹಳಿಗೆ ಸಾಧ್ಯ.

ಬಡತನದಲ್ಲಿ ಹುಟ್ಟಿದ ಉಪಾಯಗಳಿಗೆ ಸಿನಿಮಾದ ಇತಿಹಾಸದಲ್ಲಿ ಗೌರವದ ಸ್ಥಾನವಿದೆ. 1960ರಲ್ಲಿ ಬಿಡುಗಡೆಯಾದ, ಫ್ರೆಂಚ್ ನಿರ್ದೇಶಕ ಗೊದಾರ್ ಅವರ ಮೊದಲ ಕಥಾಚಿತ್ರ ‘ಬ್ರೆತ್‌ಲೆಸ್’ನಲ್ಲಿ ಛಾಯಾಗ್ರಾಹಕ ರಾವುಲ್ ಕುತಾರ್ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಯೇ ಕೆಲವು ಚಲಿಸುವ ಶಾಟ್‌ಗಳನ್ನು ತೆಗೆದರು. ನುಣುಪಾದ ನೆಲವಿದ್ದರೆ ಇಂದಿಗೂ ಅದಕ್ಕಿಂತ ಅಗ್ಗದ ದಾರಿ ಇಲ್ಲ. ನಮ್ಮ ಮನೆಗಳ ಶಹಾಬಾದಿ ಕಲ್ಲಿನ ನೆಲದಲ್ಲಿ, ಎರಡು ಕಲ್ಲುಗಳ ಸಂದಿಗೊಮ್ಮೆ ಚಿತ್ರ ಜಿಗಿಯುವುದರಿಂದ, ಹಳಿ ಬೇಕಾಗುತ್ತದೆ.

ಆ ಜಿಗಿತ ಎಷ್ಟು ದೊಡ್ಡದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಫುಲ್ ಫ್ರೇಮ್ (36×24 ಮಿ.ಮೀ. ಸೆನ್ಸರಿನ) ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸ್ ಹಾಕಿ 16:9 ಅಳತೆಯಲ್ಲಿ ಚಿತ್ರಿಸಿದರೆ, ಲೆನ್ಸ್ ಮೇಲಿಂದ ಕೆಳಕ್ಕೆ ಕಾಣುವುದು ಸುಮಾರು 23 ಡಿಗ್ರಿ. ಅದು 1080 ಪಿಕ್ಸೆಲ್‌ಗಳಲ್ಲಿ ಹರಡಿದೆಯೆಂದರೆ ಒಂದು ಡಿಗ್ರಿಗೆ ಸುಮಾರು 47 ಪಿಕ್ಸೆಲ್. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ 300 ಮಿ.ಮೀ. ಅಂತರವಿರುವ ಟ್ರಾಲಿಯ ಮುಂದಿನ ಗಾಲಿಗಳು ಕೇವಲ 1 ಮಿ.ಮೀ. ಉಬ್ಬನ್ನು ಹತ್ತಿದರೂ ಕ್ಯಾಮೆರಾ 0.19 ಡಿಗ್ರಿ ವಾಲುತ್ತದೆ. ಪರದೆಯ ಮೇಲೆ ಚಿತ್ರ ಸುಮಾರು 9 ಪಿಕ್ಸೆಲ್ ಕುಪ್ಪಳಿಸುತ್ತದೆ. ಕಣ್ಣಿಗೆ ಹೊಡೆಯಲು ಅಷ್ಟು ಧಾರಾಳ ಸಾಕು. ಗಾಲಿಗಳ ಅಂತರವನ್ನು 600 ಮಿ.ಮೀ.ಗೆ ಹೆಚ್ಚಿಸಿದರೆ ಜಿಗಿತ ಅರ್ಧವಾಗುತ್ತದೆ, 50ರ ಬದಲು 24 ಮಿ.ಮೀ. ಲೆನ್ಸ್ ಹಾಕಿದರೆ ಇನ್ನೂ ಅರ್ಧ. ಎರಡಕ್ಕೂ ಖರ್ಚು ಹೆಚ್ಚಿಲ್ಲ. ಆದ್ದರಿಂದ ಕಾರಿನ ಡಿಕ್ಕಿಯಲ್ಲಿ ಹಿಡಿಸಲಿ ಎಂದು ಪುಟ್ಟ ಟ್ರಾಲಿ ಮಾಡಬೇಡಿರೆಂದೇ ನನ್ನ ಸಲಹೆ, 18 ಮಿ.ಮೀ. ಪ್ಲೈವುಡ್ಡನ್ನು ಎರಡು ಅಡಿ ಅಗಲ, ಎರಡೂವರೆ ಅಡಿ ಉದ್ದಕ್ಕೆ ಕತ್ತರಿಸಿಕೊಳ್ಳಿ.

ಇನ್ನು ಗಾಲಿ. ಇದಕ್ಕೆ ಅತ್ಯುತ್ತಮ ಮೂಲವೆಂದರೆ ಮಕ್ಕಳು ಬೆಳೆದು ಮೂಲೆಗೆಸೆದ ಇನ್‌ಲೈನ್ ಸ್ಕೇಟಿಂಗ್ ಶೂ. ಒಂದು ಶೂಗೆ ನಾಲ್ಕರಂತೆ ಜೋಡಿಗೆ ಎಂಟು ಪಾಲಿಯುರಿಥೇನ್ ಗಾಲಿಗಳು, ಒಂದೊಂದರಲ್ಲಿ ಎರಡೆರಡು ಬೇರಿಂಗ್. ಸಾಮಾನ್ಯವಾಗಿ ಅವು 608 ನಂಬರಿನವು: ಒಳವ್ಯಾಸ 8 ಮಿ.ಮೀ., ಹೊರವ್ಯಾಸ 22, ದಪ್ಪ 7. ಸವೆದಿದ್ದರೆ ಯಾವುದೇ ಬೇರಿಂಗ್ ಅಂಗಡಿಯಲ್ಲಿ ನಂಬರ್ ಹೇಳಿದರೆ ಸಾಕು, ಕೊಡುತ್ತಾರೆ. ಧಾರವಾಡದ ಕೆಂಪು ಧೂಳಿನಲ್ಲಿ ಕೆಲಸ ಮಾಡುವವರು ಎರಡೂ ಬದಿಗೆ ರಬ್ಬರ್ ಮುಚ್ಚಳವಿರುವುದನ್ನೇ ಕೇಳಿ ಪಡೆಯಬೇಕು. ಅದು ತಗಡಿನ ಮುಚ್ಚಳದ್ದಕ್ಕಿಂತ ತುಸು ಬಿಗಿಯಾಗಿ ತಿರುಗುತ್ತದೆ, ಆ ಬಿಗಿಯೇ ನಿಧಾನದ ಚಲನೆಗೆ ಅನುಕೂಲ. ಎರಡು ಬೇರಿಂಗ್‌ಗಳ ನಡುವೆ ಇರುವ ಸಣ್ಣ ಕೊಳವೆಯನ್ನು ಮಾತ್ರ ಕಳೆದುಕೊಳ್ಳಬೇಡಿ. ಅದಿಲ್ಲದೆ ನಟ್ಟು ಬಿಗಿದರೆ ಬೇರಿಂಗ್‌ಗಳು ಅದುಮಿಕೊಂಡು ಗಾಲಿ ತಡವರಿಸುತ್ತದೆ.

ಗಾಲಿಗಳನ್ನು ಕೂರಿಸಲು ಒಂದೂವರೆ ಇಂಚಿನ ಎಲ್ ಆಂಗಲ್ ಬೇಕು. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಯಾವ ಫ್ಯಾಬ್ರಿಕೇಶನ್ ಅಂಗಡಿಯಲ್ಲಾದರೂ ತುಂಡು ಆಂಗಲ್ ತೂಕದ ಲೆಕ್ಕದಲ್ಲಿ ಸಿಕ್ಕೀತು. ಏಣು ಕೆಳಗೆ ಬರುವಂತೆ ಅದನ್ನು ಇಂಗ್ಲಿಷಿನ V ಅಕ್ಷರದ ಹಾಗೆ ಇಟ್ಟು, ಎರಡೂ ಇಳಿಜಾರುಗಳಿಗೆ 8 ಮಿ.ಮೀ. ತೂತು ಹೊಡೆದು ಹೊರಮೈಗೆ ಬೋಲ್ಟಿನಿಂದ ಒಂದೊಂದು ಗಾಲಿ ಕಟ್ಟಿದರೆ, ಆ ಎರಡು ಗಾಲಿಗಳು ಪೈಪಿನ ನೆತ್ತಿಯನ್ನು ಎರಡೂ ಕಡೆಯಿಂದ ಓರೆಯಾಗಿ ತಬ್ಬಿಕೊಳ್ಳುತ್ತವೆ. ತೂತುಗಳು ಎದುರುಬದುರಾಗಿದ್ದರೆ ಬೋಲ್ಟುಗಳು ಒಳಗೆ ಒಂದಕ್ಕೊಂದು ತಾಕುವುದರಿಂದ ಅವನ್ನು ತುಸು ಹಿಂದೆ ಮುಂದೆ ಹೊಡೆಯಬೇಕು.

ಹೀಗೆ ನಾಲ್ಕು ಮೂಲೆಗೂ ಜೋಡಿ ಗಾಲಿ ಹಾಕುವುದು ರೂಢಿ. ನನಗೆ ಅದು ಒಪ್ಪಿಗೆಯಿಲ್ಲ. ಎರಡು ಪೈಪುಗಳನ್ನು ಕೈಯಿಂದ ಹಾಸಿದಾಗ ಅವು ಕರಾರುವಾಕ್ಕಾಗಿ ಸಮಾನಾಂತರವಾಗಿರುವುದಿಲ್ಲ, ಒಂದೇ ಮಟ್ಟದಲ್ಲೂ ಇರುವುದಿಲ್ಲ. ನಾಲ್ಕೂ ಮೂಲೆಗಳು ಪೈಪನ್ನು ತಬ್ಬಿದರೆ ಹಳಿ ಅಗಲವಾದಲ್ಲಿ ಟ್ರಾಲಿ ಬಿಗಿದುಕೊಳ್ಳುತ್ತದೆ, ಮಟ್ಟ ತಪ್ಪಿದಲ್ಲಿ ಒಂದು ಮೂಲೆ ಗಾಳಿಯಲ್ಲಿ ನಿಂತು ಕಟಕಟನೆ ಕುಣಿಯುತ್ತದೆ. ಒಂದು ಹಳಿಯ ಮೇಲೆ ಎರಡು ಜೋಡಿ, ಇನ್ನೊಂದರ ಮೇಲೆ ನಡುವಿನಲ್ಲಿ ಒಂದೇ ಒಂದು ನೇರ ಗಾಲಿ, ಅದೂ ಪೈಪಿನ ನೆತ್ತಿಯ ಮೇಲೆ ಅಡ್ಡಡ್ಡ ಸರಿದಾಡುವಂತೆ ಚಪ್ಪಟೆ ಮೈಯ ಅಗಲ ಗಾಲಿ, ಇಟ್ಟು ನೋಡಿ. ಮೂರು ಕಡೆ ಊರಿದ್ದು ಎಂಥ ನೆಲದಲ್ಲೂ ಕುಣಿಯುವುದಿಲ್ಲ. ಟ್ರೈಪಾಡ್‌ನ ಭಾರ ಆ ಮೂರರ ನಡುವಿನ ತ್ರಿಕೋನದೊಳಗೆ ಬೀಳಬೇಕೆಂಬುದೊಂದೇ ನಿಬಂಧನೆ. ಹಣ ಉಳಿದರೆ ಜೋಡಿಗಳಿರುವ ಕಡೆ ಗಾಲಿಗಳನ್ನು ಇಮ್ಮಡಿ ಮಾಡಿ, ಹಿಂದೊಂದು ಮುಂದೊಂದು ಜೋಡಿಯಂತೆ ನಡುವೆ ತೂಗುವ ಬೋಲ್ಟಿಗೆ ಕಟ್ಟಿ. ಆಗ 1 ಮಿ.ಮೀ. ಉಬ್ಬು ಟ್ರಾಲಿಗೆ ತಲುಪುವ ಹೊತ್ತಿಗೆ ಅರ್ಧ ಮಿಲಿಮೀಟರಾಗಿರುತ್ತದೆ.

ಹಳಿಗೆ 50 ಮಿ.ಮೀ. ಹೊರವ್ಯಾಸದ ಪಿವಿಸಿ ಪೈಪು ಸಾಕು. ಅಂಗಡಿಗಳಲ್ಲಿ 4 ಕೆಜಿ, 6 ಕೆಜಿ, 10 ಕೆಜಿ ಎನ್ನುವುದು ಪೈಪಿನ ತೂಕವನ್ನಲ್ಲ, ಅದು ತಾಳುವ ನೀರಿನ ಒತ್ತಡವನ್ನು. ಅಂಕಿ ಹೆಚ್ಚಿದಂತೆ ಪೈಪಿನ ಗೋಡೆ ದಪ್ಪವಾಗುತ್ತದೆ, ಬಾಗುವುದು ಕಡಿಮೆಯಾಗುತ್ತದೆ. 10 ಕೆಜಿಯದನ್ನೇ ಕೊಳ್ಳಿ. ‘ಬೋರ್ ಎಷ್ಟ ಫೂಟ್ ಐತ್ರಿ ಸರ?’ ಎಂದು ಅಂಗಡಿಯವರು ಕೇಳಿದರೆ, ಹೊಲಕ್ಕಲ್ಲ, ಸಿನಿಮಾಕ್ಕೆ ಎಂದು ಹೇಳುವ ಮೊದಲು ದರ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಆರಿಸುವಾಗ ಪೈಪನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ, ನಿಧಾನವಾಗಿ ಉರುಳಿಸಿ. ಬಿಸಿಲಲ್ಲಿ ಬಿದ್ದು ಬಾಗಿದ್ದು ಆಗಲೇ ತಿಳಿಯುತ್ತದೆ. ಎರಡು ತುಂಡು ಜೋಡಿಸುವಲ್ಲಿ ಹೊರಗಿನಿಂದ ಹಾಕುವ ಕಪ್ಲಿಂಗ್ ಬೇಡ, ಗಾಲಿಗೆ ಅದೇ ಗುಡ್ಡ. ಒಳಗೆ ಬಿಗಿಯಾಗಿ ಕೂರುವ ಮರದ ಗೂಟ ಹೊಡೆದು, ಪೈಪಿನ ತುದಿಗಳನ್ನು ಓರೆಯಾಗಿ ಕೊಯ್ಯಿರಿ. ಹಾಗಿದ್ದಾಗ ಗಾಲಿ ಸಂದಿಗೆ ಒಮ್ಮೆಲೇ ಬೀಳದೆ ಜಾರಿಕೊಂಡು ದಾಟುತ್ತದೆ. ಎರಡು ಹಳಿಗಳ ಸಂದಿಗಳು ಒಂದೇ ಸಾಲಿಗೆ ಬರದಂತೆಯೂ ನೋಡಿಕೊಳ್ಳಿ.

ಹಾಸುವಾಗ ಎರಡು ಪೈಪುಗಳನ್ನು ಹಿಡಿದಿಡುವ ಅಡ್ಡಪಟ್ಟಿಗಳ ಕೆಳಗೆ ಮರದ ಬೆಣೆ ಕೊಟ್ಟು ಮಟ್ಟ ಮಾಡಬೇಕು. ಅಡ್ಡಕ್ಕೆ ರಸಮಟ್ಟ ಸಾಕು. ಉದ್ದಕ್ಕೆ, ನಮ್ಮ ಗೌಂಡಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿಗಿಂತ ನಂಬಿಕೆಯ ಸಾಧನ ಮತ್ತೊಂದಿಲ್ಲ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ರಾಶಿಗಳ ಪಕ್ಕದಲ್ಲಿ ನೆಲಮಟ್ಟದ ಶಾಟ್ ತೆಗೆಯುವುದಿದ್ದರೆ ಟ್ರೈಪಾಡ್ ಬಿಟ್ಟು ಹಲಗೆಗೇ ಹೆಡ್ (ಕ್ಯಾಮೆರಾ ಕೂರುವ, ತಿರುಗುವ ಭಾಗ) ಬಿಗಿಯಬೇಕಾಗುತ್ತದೆ. ಆಗ ಬೇಕಾದದ್ದು ಮೂರು-ಎಂಟಾಂಶ ಇಂಚಿನ ಬೋಲ್ಟ್. ಕ್ಯಾಮೆರಾದ ತಳಕ್ಕೆ ನೇರವಾಗಿ ಆದರೆ ಕಾಲು ಇಂಚಿನದು. 6 ಮಿ.ಮೀ. ಬೋಲ್ಟು ನೋಡಲು ಹಾಗೆಯೇ ಇದ್ದರೂ ಕಾಲು ಇಂಚೆಂದರೆ 6.35 ಮಿ.ಮೀ.; ಸಡಿಲ ಬೋಲ್ಟಿನಲ್ಲಿ ಕ್ಯಾಮೆರಾ ಅಲುಗಾಡುತ್ತದೆ, ಬಲವಂತ ಮಾಡಿದರೆ ಕ್ಯಾಮೆರಾದ ತಿರುಪಿನ ಮರೆ ಕೆಡುತ್ತದೆ.

ತಳ್ಳುವವರಿಗೆ ಒಂದು ಮಾತು. ಹಲಗೆಯ ಮೇಲೆ ಎರಡು ಮರಳುಚೀಲ ಇಡಿ. ಭಾರವಾದ ಟ್ರಾಲಿ ಕೈಯ ನಡುಕವನ್ನು ನುಂಗುತ್ತದೆ. ಟ್ರೈಪಾಡ್ ಹಿಡಿದು ತಳ್ಳದೆ ಹಲಗೆಯ ಅಂಚನ್ನು ಹಿಡಿದು ತಳ್ಳಿರಿ, ಮತ್ತು ಮೊದಲ ಹಾಗೂ ಕೊನೆಯ ಅರ್ಧ ಮೀಟರು ಹಳಿಯನ್ನು ವೇಗ ಹಿಡಿಯಲು, ಇಳಿಸಲು ಮೀಸಲಿಡಿ. ಬೆಟಗೇರಿಯ ಮಗ್ಗದ ಮನೆಯಂಥ ಇಕ್ಕಟ್ಟಿನಲ್ಲಿ 3 ಮೀಟರು ಹಳಿ ಹಾಸಲು ಜಾಗ ಸಿಕ್ಕರೆ ಬಳಕೆಗೆ ಬರುವುದು 2 ಮೀಟರು ಮಾತ್ರ. ಶಾಟ್ ಯೋಜಿಸುವಾಗಲೇ ಇದನ್ನು ಕಳೆದು ಲೆಕ್ಕ ಹಾಕಿ.

ಬೇಸಿಗೆಯಲ್ಲಿ ಹೊರಾಂಗಣದಲ್ಲಿ ಚಿತ್ರಿಸುವವರು ಹಳಿಯನ್ನು ಬೆಳಿಗ್ಗೆಯೇ ಹಾಸಿ ಮಧ್ಯಾಹ್ನದವರೆಗೆ ಹಾಗೇ ಬಿಡಬಾರದು. ಉಷ್ಣತೆ 20 ಡಿಗ್ರಿ ಏರಿದರೆ 3 ಮೀಟರಿನ ಪಿವಿಸಿ ಪೈಪು ಸುಮಾರು 4 ಮಿ.ಮೀ. ಉದ್ದವಾಗುತ್ತದೆ, ಬಿಸಿಲು ಬಿದ್ದ ಮೈ ನೆರಳಿನ ಮೈಗಿಂತ ಹೆಚ್ಚು ಹಿಗ್ಗುವುದರಿಂದ ಬಾಗುತ್ತದೆ ಕೂಡ. ಶಾಟ್‌ಗಳ ನಡುವೆ ಗೋಣಿತಟ್ಟು ಹೊದಿಸಿ. ಕೆಲಸ ಮುಗಿದ ಮೇಲೆ ಪೈಪುಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸದೆ, ಮನೆಯೊಳಗೆ ಸಮತಟ್ಟಾದ ನೆಲದ ಮೇಲೆ ಮಲಗಿಸಿಡಿ.