ಸುಂಕು ಬಿದ್ದ ಕಣ್ಣು

ಕೋಲಾರ ಜಿಲ್ಲೆಯ ಕೇಳುಗರಿಗೆ ನಮಸ್ಕಾರ. ಈ ಹೊತ್ತಿಗೆ ನಿಮ್ಮಲ್ಲಿ ಕೆಲವರು ಕಣದಲ್ಲಿರುತ್ತೀರಿ, ಕೆಲವರು ಟೊಮೊಟೊ ಬಾಕ್ಸ್ ತುಂಬುತ್ತಿರುತ್ತೀರಿ. ಕೆಲಸ ನಿಲ್ಲಿಸಬೇಡಿ, ಕಿವಿ ಮಾತ್ರ ಕೊಡಿ. ರಾಗಿ ಒಕ್ಕಣೆಯ ಕಾಲ ಬಂತೆಂದರೆ ಕಣ್ಣು ಒತ್ತಿಹಿಡಿದುಕೊಂಡು ಬರುವವರ ಸಾಲು ನಮ್ಮ ಕಣ್ಣಾಸ್ಪತ್ರೆಯ ಬಾಗಿಲಲ್ಲಿ ಉದ್ದವಾಗುತ್ತದೆ. ಅವರನ್ನು ನೆನೆದೇ ಮಾತಾಡುತ್ತೇನೆ.

ನನಗೆ ಕೊಟ್ಟ ವಿಷಯ, ಕಣ್ಣಿಗೆ ತಗಲುವ ಶಿಲೀಂಧ್ರ ಸೋಂಕು. ಶಿಲೀಂಧ್ರ ಅಂದರೆ ಬೂಷ್ಟು. ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಿದರೆ ನಾಲ್ಕು ದಿನಕ್ಕೆ ಮೇಲೆ ಬೆಳ್ಳಗೆ ಕಟ್ಟುತ್ತದಲ್ಲ, ಅದೇ ಜಾತಿ. ಮಣ್ಣಿನಲ್ಲಿ, ಹುಲ್ಲಿನ ಮೆದೆಯಲ್ಲಿ, ರಾಗಿ ಹೊಟ್ಟಿನಲ್ಲಿ ಯಾವಾಗಲೂ ಇರುತ್ತದೆ. ಕಣ್ಣು ಚೆನ್ನಾಗಿರುವಷ್ಟು ದಿನ ಏನೂ ಮಾಡುವುದಿಲ್ಲ. ಕರಿಗುಡ್ಡೆಯ ಮುಂದೆ ಗಾಜಿನಂಥ ಒಂದು ಪೊರೆ ಇದೆ, ಕಾರ್ನಿಯಾ ಅನ್ನುತ್ತೇವೆ. ನಡುಮಧ್ಯದಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ರಾಗಿ ಸುಂಕು, ಕಬ್ಬಿನ ಗರಿ, ಟೊಮೊಟೊ ಗಿಡಕ್ಕೆ ನೆಟ್ಟ ಕೋಲಿನ ಸಿಬಿರು, ಹಾಲು ಕರೆಯುವಾಗ ಹಸು ಬೀಸಿದ ಬಾಲ, ಇವುಗಳಲ್ಲಿ ಒಂದು ಆ ಪೊರೆಯನ್ನು ಗೀರಿದರೆ ಬೂಷ್ಟಿಗೆ ಬಾಗಿಲು ತೆರೆದಂತೆ.

ನಾನು ಇವತ್ತು ಹೇಳಬೇಕಾದದ್ದು ಒಂದೇ ಮಾತು. ಹೊಲದ ವಸ್ತು ತಗುಲಿ ಕೆಂಪಾದ ಕಣ್ಣಿಗೆ, ಕಣ್ಣಿನ ಡಾಕ್ಟರು ಕೆರೆದು ನೋಡದೆ ಯಾವ ಡ್ರಾಪ್ಸೂ ಬೇಡ.

ಶ್ರೀನಿವಾಸಪುರದ ಕಡೆಯ ಒಬ್ಬ ತಾಯಿ, ಐವತ್ತು ದಾಟಿದವರು. ರಾಗಿ ತೂರುವಾಗ ಗಾಳಿ ತಿರುಗಿ ಸುಂಕು ಎಡಗಣ್ಣಿಗೆ ಬಿತ್ತು. ಓರಗಿತ್ತಿ ಸೀರೆ ಸೆರಗು ಸುತ್ತಿ ತೆಗೆದರು. ರಾತ್ರಿ ಬಾಣಂತಿ ಮಗಳ ಎದೆಹಾಲು ಬಿಟ್ಟರು. ಮಾರನೆ ದಿನ ನಂದಿಬಟ್ಟಲು ಹೂವಿನ ನೀರು. ನಾಲ್ಕನೇ ದಿನ ಮಗ ಅಂಗಡಿಗೆ ಹೋಗಿ, "ಕಣ್ಣು ಕೆಂಪಾಗಿದೆ, ಏನಾದರೂ ಕೊಡಿ" ಅಂದ. ಕೊಟ್ಟರು. ಎರಡೇ ದಿನದಲ್ಲಿ ಕೆಂಪು ಇಳಿಯಿತು, ನೋವೂ ಇಳಿಯಿತು. ಮನೆಯವರೆಲ್ಲ ಖುಷಿಪಟ್ಟರು. ಆ ಬಾಟಲಿಯಲ್ಲಿ ಇದ್ದದ್ದು ಸ್ಟೀರಾಯ್ಡ್. ಅದು ಕಣ್ಣಿನ ಕಾವಲನ್ನು ಮಲಗಿಸುತ್ತದೆ. ಕೆಂಪು ಹೋಗುವುದು ಅದಕ್ಕೇ. ಕಾವಲು ಮಲಗಿದ ಮನೆಯಲ್ಲಿ ಬೂಷ್ಟು ನೆಮ್ಮದಿಯಾಗಿ ಬೆಳೆಯಿತು.

ನನ್ನ ಬಳಿ ಬರುವಾಗ ಹದಿನಾಲ್ಕು ದಿನ ಕಳೆದಿತ್ತು. ಕರಿಗುಡ್ಡೆಯ ಮೇಲೆ ಬೂದುಬಿಳುಪಿನ ಕಲೆ, ಅಂಚು ಹಕ್ಕಿಯ ಪುಕ್ಕದ ಹಾಗೆ ಬಿರಿದಿತ್ತು, ಕೆಳಗೆ ಕೀವು ನಿಂತಿತ್ತು. "ಹೂ ಬಿದ್ದೈತೆ ಅಂತಾರಲ್ಲ ಡಾಕ್ಟ್ರಮ್ಮ, ಅದೇನಾ?" ಅಂದರು. "ಕೆರೆದು ನೋಡಿ ಹೇಳ್ತೀನಮ್ಮ" ಅಂದೆ. ಕೆರೆಯುವುದು ಅಂದಾಗ ಎದ್ದು ಹೊರಟೇಬಿಟ್ಟರು. ಕೂರಿಸಿ, ಮರಗಟ್ಟಿಸುವ ಹನಿ ಹಾಕಿ, ಹುಣ್ಣಿನ ಅಂಚಿನಿಂದ ಸಾಸಿವೆಯಷ್ಟೂ ಇಲ್ಲದ ಚೂರು ತೆಗೆದೆ. ಮುಗಿದ ಮೇಲೆ "ಇನ್ನೂ ಶುರು ಮಾಡಿಲ್ವಾ?" ಅಂತ ಕೇಳಿದರು.

ಆ ಚೂರನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಬಿಟ್ಟು, ಮೈಕ್ರೋಸ್ಕೋಪ್ ಕೆಳಗೆ ಇಡುತ್ತೇವೆ. ಕಣ್ಣಿನ ಜೀವಕೋಶಗಳು ಕರಗಿ ತಿಳಿಯಾಗುತ್ತವೆ, ಬೂಷ್ಟಿನ ಎಳೆಗಳು ಮಾತ್ರ ಉಳಿಯುತ್ತವೆ. ಕೆಲವೇ ನಿಮಿಷದ ಕೆಲಸ, ದುಬಾರಿ ಯಂತ್ರ ಬೇಕಿಲ್ಲ. ಇಷ್ಟು ವರ್ಷವಾದರೂ ಆ ಎಳೆಗಳು ಕಂಡಾಗ ನನಗೆ ಮೈ ಝುಮ್ಮೆನ್ನುತ್ತದೆ. ಶತ್ರು ಯಾರೆಂದು ಗೊತ್ತಾಯಿತಲ್ಲ! ಆ ತಾಯಿಯನ್ನೇ ಕರೆದು, ಚೆನ್ನಾಗಿದ್ದ ಬಲಗಣ್ಣಿಂದ ನೋಡಿಸಿದೆ. ಬಹಳ ಹೊತ್ತು ನೋಡಿ, "ಗರಿಕೆ ಬೇರು ಹಬ್ಬಿದಂಗೈತಲ್ಲಮ್ಮ" ಅಂದರು. ನಾನು ವಿದ್ಯಾರ್ಥಿಗಳಿಗೆ ಇಷ್ಟು ಚೆನ್ನಾಗಿ ಒಮ್ಮೆಯೂ ವಿವರಿಸಿರಲಿಲ್ಲ. ಹೊಲದಲ್ಲಿ ಗರಿಕೆ ಹಬ್ಬಿದರೆ ಒಂದು ಸಲ ಕೊಚ್ಚಿದರೆ ಹೋಗುತ್ತದೆಯೇ? ಇದೂ ಹಾಗೆಯೇ.

ಅವರಿಗೆ ಕೊಟ್ಟದ್ದು ನಾಟಾಮೈಸಿನ್, ಶೇಕಡಾ 5ರ ಹನಿ. ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಮಣ್ಣಿನಲ್ಲಿ 1955ರಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದ ಔಷಧ. ರೋಗ ಕೊಟ್ಟದ್ದು ಮಣ್ಣು, ಮದ್ದು ಕೊಟ್ಟದ್ದೂ ಮಣ್ಣು. ಇದಕ್ಕಿಂತ ಹೊಸ ಔಷಧ ವೊರಿಕೊನಜೋಲ್. ಎರಡನ್ನೂ ಮಧುರೈ ಮೊದಲಾದ ಊರುಗಳ ಅರವಿಂದ ಕಣ್ಣಾಸ್ಪತ್ರೆಗಳಲ್ಲಿ ಹೋಲಿಸಿ ನೋಡಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಳೆಯದೇ ಗೆದ್ದಿತು. ಆದರೆ ಅದು ಕೆಲಸ ಮಾಡುವುದು ನೀವು ಹಾಕಿದರೆ. ಮೊದಲ ದಿನಗಳಲ್ಲಿ ಗಂಟೆಗೊಂದು ಹನಿ, ಆಮೇಲೆ ವಾರಗಟ್ಟಲೆ. ಕಣ್ಣೀರು ಔಷಧವನ್ನು ತೊಳೆದುಬಿಡುತ್ತದೆ, ಅದಕ್ಕೇ ಇಷ್ಟು ಸಲ. ಬಾಟಲಿಯ ತಳದಲ್ಲಿ ಬಿಳಿ ಗಷ್ಟು ಕೂರುತ್ತದೆ, ಪ್ರತಿ ಸಲ ಕುಲುಕಿ. ಕುಲುಕದೆ ಹಾಕಿದರೆ ಔಷಧ ತಳದಲ್ಲೇ ಉಳಿಯುತ್ತದೆ.

ಆ ತಾಯಿಯ ಮಗ ಫೋನಿನಲ್ಲಿ ಅಲಾರಂ ಇಟ್ಟುಕೊಂಡು ಆರು ವಾರ ಹನಿ ಹಾಕಿದ. ಹುಣ್ಣು ಒಣಗಿತು. ಆದರೆ ಮಚ್ಚೆ ಉಳಿಯಿತು, ಎಡಗಣ್ಣಿಗೆ ಈಗ ಮಂಜು ಮಂಜು. ಮೊದಲ ದಿನವೇ ಬಂದಿದ್ದರೆ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಇದೇನು ಒಂದೇ ಕಥೆಯಲ್ಲ. ಪ್ರತಿ ಸುಗ್ಗಿಯಲ್ಲೂ ನಾನು ಇದನ್ನೇ ನೋಡುತ್ತೇನೆ, ಇದನ್ನೇ ಹೇಳುತ್ತೇನೆ, ಮುಂದಿನ ಸುಗ್ಗಿಗೆ ಮತ್ತೆ ಅದೇ ಬಾಟಲಿ ಕೈಯಲ್ಲಿ ಹಿಡಿದು ಬರುತ್ತಾರೆ. ದಯವಿಟ್ಟು ಬಾಟಲಿಯ ಮೇಲಿನ ಹೆಸರು ಓದಿಸಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಇವೆಲ್ಲ ಸ್ಟೀರಾಯ್ಡ್. ಕೊನೆಯಲ್ಲಿ ಸೋನ್, ಲೋನ್ ಅಂತ ಬಂದರೆ ಕೆಳಗಿಡಿ. ಪಕ್ಕದ ಮನೆಯವರಿಗೆ ಮದ್ರಾಸ್ ಐ ಬಂದಾಗ ಉಳಿದದ್ದೂ ಬೇಡ. ಕೆರೆದು ನೋಡದೆ ಯಾವ ಡ್ರಾಪ್ಸೂ ಬೇಡ.

ಸಮಯ ಮುಗಿಯುತ್ತಾ ಬಂತೆಂದು ಕೈ ತೋರಿಸುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಔಷಧಕ್ಕೆ ಬಗ್ಗದ ಹುಣ್ಣಿಗೆ, ಸತ್ತವರು ದಾನ ಮಾಡಿದ ಕಾರ್ನಿಯಾ ಹೊಲಿಯಬೇಕಾಗುತ್ತದೆ. 2021ರಲ್ಲಿ ಹೆದರಿಸಿದ ಕಪ್ಪು ಶಿಲೀಂಧ್ರ ಬೇರೆ, ಅದು ಮೂಗಿನ ಕಡೆಯಿಂದ ಕಣ್ಣಿಗೆ ಏರುತ್ತದೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಅಪಾಯ ಹೆಚ್ಚು. ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಮಕ್ಕಳು ಅದನ್ನು ನಲ್ಲಿ ನೀರಿನಲ್ಲಿ ತೊಳೆಯಬಾರದು. ಟಾರು ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿರುವ ಕಡೆ ಬೈಕಿನವರು ಹೆಲ್ಮೆಟ್ಟಿನ ಗಾಜು ಇಳಿಸಿಕೊಳ್ಳಿ. ತೂರುವವರು ಒಂದು ಸಾದಾ ಕನ್ನಡಕವನ್ನಾದರೂ ಹಾಕಿಕೊಳ್ಳಿ.

ಸುಂಕು ಬಿತ್ತೋ, ಶುದ್ಧ ನೀರಿನಲ್ಲಿ ಕಣ್ಣು ತೊಳೆಯಿರಿ, ಉಜ್ಜಬೇಡಿ, ಸೆರಗು ನಾಲಿಗೆ ಏನೂ ಬೇಡ. ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೊರಡಿ. ಈಗಾಗಲೇ ಏನಾದರೂ ಹಾಕಿಬಿಟ್ಟಿದ್ದರೆ ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ. ಆ ಬಾಟಲಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬನ್ನಿ, ಖಾಲಿಯಾಗಿದ್ದರೂ ಸರಿ. ನಮಸ್ಕಾರ.