5.6 ಹಾಗೇ ಇತ್ತು, ಕೆಲಸ ಕಮ್ಮಿಯಾಗಿತ್ತು

ಎಲ್ಲರಿಗೂ ನಮಸ್ಕಾರ. ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಇವತ್ತು ತಿಂಗಳಿಗೊಮ್ಮೆ ಬರುವ ನಿರುದ್ಯೋಗ ದರದ ಬಗ್ಗೆ ಮಾತಾಡುತ್ತೇನೆ.

ನಾನಿರುವುದು ಬೆಂಗಳೂರಿನ ಲಗ್ಗೆರೆ ಕಡೆ. ಬೆಳಗ್ಗೆ ಏಳಕ್ಕೆ ಹಾಲು ತರಲು ಹೋದರೆ ಸರ್ಕಲ್‌ನಲ್ಲಿ ಕೂಲಿಯವರು ನಿಂತಿರುತ್ತಾರೆ. ಕೈಯಲ್ಲಿ ಊಟದ ಡಬ್ಬಿ, ಚೀಲದಲ್ಲಿ ಕರಣೆ. ಮೇಸ್ತ್ರಿ ಬೈಕ್ ನಿಲ್ಲಿಸಿ "ಇಬ್ಬರು ಹೆಲ್ಪರ್ ಬೇಕು" ಅಂದರೆ ಹತ್ತು ಜನ ಮುತ್ತಿಕೊಳ್ಳುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಉಳಿದವರು ತುಂಬಿದ ಡಬ್ಬಿ ಹಿಡಿದುಕೊಂಡೇ ಮನೆಗೆ ವಾಪಸ್.

ಇವರಲ್ಲಿ ಒಬ್ಬರಿಗೆ ವಾರದಲ್ಲಿ ಒಂದೇ ದಿನ ಕೆಲಸ ಸಿಕ್ಕಿತು ಅಂದುಕೊಳ್ಳಿ. ಸರ್ಕಾರದ ಲೆಕ್ಕದಲ್ಲಿ ಅವರು ನಿರುದ್ಯೋಗಿಯಾ? ಅಲ್ಲ. ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ಕೆಲಸ ಮಾಡಿದ್ದರೂ ಸಾಕು, ಅವರು ಕೆಲಸದಲ್ಲಿರುವವರು. ತಿಂಗಳ ನಿರುದ್ಯೋಗದ ಅಂಕಿ ಬರುವುದು ಹೀಗೆ ಏಳು ದಿನ ನೋಡುವ ಲೆಕ್ಕದಿಂದಲೇ.

ಹಿಂದೆಲ್ಲ ಉದ್ಯೋಗದ ದೊಡ್ಡ ಸಮೀಕ್ಷೆ ಐದು ವರ್ಷಕ್ಕೊಮ್ಮೆ ನಡೆಯುತ್ತಿತ್ತು. 2017ರಲ್ಲಿ ಕೇಂದ್ರ ಸರ್ಕಾರದ ಪಿಎಲ್‌ಎಫ್‌ಎಸ್, ಅಂದರೆ ಯಾರು ದುಡಿಯುತ್ತಿದ್ದಾರೆ, ಯಾರು ಕೆಲಸ ಹುಡುಕುತ್ತಿದ್ದಾರೆ ಅಂತ ಮನೆಮನೆಗೆ ಹೋಗಿ ಕೇಳುವ ನಿರಂತರ ಸಮೀಕ್ಷೆ ಶುರುವಾಯಿತು. ತಿಂಗಳ ಬುಲೆಟಿನ್ ಮೊದಲ ಸಲ ಬಂದದ್ದು 2025ರ ಮೇ 15ಕ್ಕೆ, ಏಪ್ರಿಲ್ ತಿಂಗಳ ಅಂಕಿಯೊಂದಿಗೆ. ಇದು ಒಳ್ಳೆಯ ಹೆಜ್ಜೆ, ಮನಸಾರೆ ಹೇಳುತ್ತೇನೆ. ಆದರೆ ಟಿವಿಯಲ್ಲಿ ಒಂದೇ ಒಂದು ಅಂಕಿ ಓದುತ್ತಾರೆ. ನನಗೆ ಬೇಜಾರಾಗುವುದು ಅಲ್ಲೇ.

2025ರ ಮೇ ತಿಂಗಳಲ್ಲಿ ದೇಶದ ನಿರುದ್ಯೋಗ ದರ ಶೇ 5.6. ಜೂನ್‌ನಲ್ಲೂ ಶೇ 5.6. ಸುದ್ದಿ ಬಂದದ್ದು "ಬದಲಾವಣೆ ಇಲ್ಲ" ಅಂತ. ಬನ್ನಿ, ಒಳಗೆ ನೋಡೋಣ.

15 ವರ್ಷ ದಾಟಿದ ಸಾವಿರ ಜನರನ್ನು ತೆಗೆದುಕೊಳ್ಳಿ. ಮೇ ತಿಂಗಳಲ್ಲಿ ಅವರಲ್ಲಿ 517 ಜನ ಕೆಲಸ ಮಾಡುತ್ತಿದ್ದರು. ಕೆಲಸ ಮಾಡುವವರು, ಕೆಲಸ ಬೇಕು ಅನ್ನುವವರು ಇಬ್ಬರನ್ನೂ ಕೂಡಿಸಿದರೆ 548. ಇದನ್ನೇ ದುಡಿಯುವ ಬಲ ಅನ್ನೋಣ. ಜೂನ್‌ನಲ್ಲಿ ಕೆಲಸ ಮಾಡುತ್ತಿದ್ದವರು 512ಕ್ಕೆ ಇಳಿದರು. ದುಡಿಯುವ ಬಲ 542ಕ್ಕೆ ಇಳಿಯಿತು. ಅಂದರೆ ಕೆಲಸದಲ್ಲಿದ್ದವರು ಐದು ಜನ ಕಮ್ಮಿ. ಹಾಗಿದ್ದೂ ನಿರುದ್ಯೋಗಿಗಳು ಜಾಸ್ತಿ ಆಗಲಿಲ್ಲ. ಮೊದಲು 31 ಇದ್ದವರು ಈಗ 30.

ಹೇಗೆ ಅಂತೀರಾ? ಕೆಲಸ ಬಿಟ್ಟು ಮನೆಯಲ್ಲಿ ಕೂತು, ಸದ್ಯ ಬೇಡ ಅಂದವರು ನಿರುದ್ಯೋಗಿಗಳ ಪಟ್ಟಿಗೆ ಬರುವುದೇ ಇಲ್ಲ. ದರವನ್ನು ತೆಗೆಯುವುದು ಸಾವಿರಕ್ಕಲ್ಲ, ಆ 542ಕ್ಕೆ. ನಿರುದ್ಯೋಗಿಗಳ ಅಂಕಿ, ದುಡಿಯುವ ಬಲದ ಅಂಕಿ ಎರಡೂ ಒಟ್ಟಿಗೆ ಕುಗ್ಗಿದವು. ದರ ನಿಂತಲ್ಲೇ ನಿಂತಿತು. ಬೇಸಿಗೆಯ ಬಿಸಿಲು, ಹೊಲದ ಕೆಲಸದ ಹಂಗಾಮು, ಮನೆಗೆಲಸಕ್ಕೆ ಮರಳಿದ ಹಳ್ಳಿ ಹೆಂಗಸರು ಎಂದು ಸಮೀಕ್ಷೆ ನಡೆಸುವ ಅಂಕಿಅಂಶ ಸಚಿವಾಲಯವೇ ಕಾರಣ ಕೊಟ್ಟಿತು. ಕಾರಣ ಸರಿಯೇ ಇರಬಹುದು. ಆದರೆ ಅದು "ಬದಲಾವಣೆ ಇಲ್ಲ" ಅನ್ನುವ ಸುದ್ದಿ ಅಲ್ಲ, ಅಲ್ವಾ?

ಈಗ ನಮ್ಮ ರಾಜ್ಯಕ್ಕೆ ಬರುತ್ತೇನೆ. "ಈ ತಿಂಗಳು ಕರ್ನಾಟಕದಲ್ಲಿ ಎಷ್ಟು?" ಅಂತ ತುಂಬಾ ಜನ ಕೇಳುತ್ತಾರೆ. ತಿಂಗಳ ಬುಲೆಟಿನ್ ಇಡೀ ದೇಶದ್ದು ಮಾತ್ರ. ರಾಜ್ಯಕ್ಕೆ ಮೂರು ತಿಂಗಳ ಅಂದಾಜು ಅಥವಾ ವರ್ಷದ ವರದಿ ನೋಡಬೇಕು. ಒಂದು ರಾಜ್ಯದಲ್ಲಿ ಒಂದು ತಿಂಗಳಲ್ಲಿ ಮಾತಾಡಿಸುವ ಮನೆಗಳು ಕಮ್ಮಿ, ಅದರಲ್ಲಿ ಕೆಲಸ ಹುಡುಕುವವರು ಇನ್ನೂ ಕಮ್ಮಿ. ನಾಲ್ಕು ಜನ ಆಚೀಚೆ ಆದರೂ ಅಂಕಿ ಕುಣಿಯುತ್ತದೆ.

ತಿಂಗಳಿಗೊಮ್ಮೆ ರಾಜ್ಯವಾರು ಸಿಗುವುದು ಪಿಎಫ್ ಅಂಕಿ, ಅಂದರೆ ಭವಿಷ್ಯ ನಿಧಿಗೆ ಹೊಸದಾಗಿ ಸೇರಿದವರ ಲೆಕ್ಕ. 2018ರಿಂದ ಪ್ರಕಟವಾಗುತ್ತಿದೆ. ಕರ್ನಾಟಕದ ಹೆಸರು ಅದರಲ್ಲಿ ಮೇಲೆಯೇ ಇರುತ್ತದೆ. ಆದರೆ ಪಿಎಫ್ ಅನ್ವಯಿಸುವುದು ಮುಖ್ಯವಾಗಿ ಕನಿಷ್ಠ 20 ಕೆಲಸಗಾರರಿರುವ ಕಡೆಗೆ. ಹಳೇ ನೌಕರನಿಗೆ ಈಗ ಪಿಎಫ್ ಕೊಟ್ಟರೂ ಅಲ್ಲಿ ಹೊಸ ಹೆಸರೇ. ಪೀಣ್ಯದಲ್ಲಿ ಆರು ಜನರ ಲೇತ್ ಶೆಡ್, ನಮ್ಮ ಸರ್ಕಲ್‌ನ ಹೆಲ್ಪರ್, ಇವರ್ಯಾರೂ ಅದರಲ್ಲಿ ಇಲ್ಲ.

ಇನ್ನೊಂದು ಅಂಕಿ ಹೇಳಲೇಬೇಕು. 15 ದಾಟಿದ ಹೆಂಗಸರಲ್ಲಿ ದುಡಿಯುವ ಬಲಕ್ಕೆ ಸೇರಿದವರು 2017-18ರಲ್ಲಿ ಶೇ 23.3. 2023-24ರಲ್ಲಿ ಶೇ 41.7. ಇದು ವರ್ಷದ ಲೆಕ್ಕ, ತಿಂಗಳದ್ದರ ಜೊತೆ ಹೋಲಿಸಬೇಡಿ. ಇಷ್ಟು ದೊಡ್ಡ ಏರಿಕೆ ನೋಡಿ ಸಂತೋಷವಾಗುತ್ತದೆ. ಜೊತೆಗೇ ಎಂಥ ಕೆಲಸ ಅಂತ ಕೇಳಬೇಕು ಅನಿಸುತ್ತದೆ. ಮನೆಯವರ ಅಂಗಡಿಯಲ್ಲೋ ಹೊಲದಲ್ಲೋ ಸಂಬಳವಿಲ್ಲದೆ ದುಡಿಯುವವರೂ ಈ ಲೆಕ್ಕದಲ್ಲಿ ಇದ್ದಾರೆ. ಇರಲೇಬೇಕು, ಅದೂ ದುಡಿಮೆಯೇ. ಆದರೆ ಸಂಬಳದ ಕೆಲಸವೂ ಅದೂ ಒಂದೇ ಸಾಲಿನಲ್ಲಿ ಕೂತರೆ ವ್ಯತ್ಯಾಸ ಕಾಣುವುದಿಲ್ಲ.

ನಮ್ಮ ಪಕ್ಕದ ಮನೆಯ ಅಕ್ಕ ಮಧ್ಯಾಹ್ನ ಮೊರದ ತುಂಬ ಮಲ್ಲಿಗೆ ಇಟ್ಟುಕೊಂಡು ಕೂರುತ್ತಾರೆ. ಸಂಜೆಗೆ ಹೂವಿನ ಅಂಗಡಿಯವರು ಬಂದು ಮೊಳ ಹಾಕಿ ದುಡ್ಡು ಕೊಡುತ್ತಾರೆ. ಒಮ್ಮೆ ಕೇಳಿದೆ, "ಅಕ್ಕಾ, ನೀವೇನು ಕೆಲಸ ಮಾಡ್ತೀರಿ?"

"ಏನೂ ಇಲ್ಲಪ್ಪ, ಮನೇಲೇ ಇರ್ತೀನಿ" ಅಂದರು. ಬೆರಳು ಮಾತ್ರ ಒಂದು ಕ್ಷಣ ನಿಲ್ಲಲಿಲ್ಲ.

ನಿಮ್ಮ ಮನೆಗೆ ಸಮೀಕ್ಷೆಯವರು ಬಂದರೆ ಬಾಗಿಲು ತೆಗೆಯಿರಿ, ಕೂರಿಸಿ. ಹೂ ಕಟ್ಟಿದ್ದು, ಅಗರಬತ್ತಿ ಹೊಸೆದದ್ದು, ಅಂಗಡಿಯಲ್ಲಿ ಎರಡು ಗಂಟೆ ಕೂತದ್ದು, ಎಲ್ಲವನ್ನೂ ಹೇಳಿ. ಮನೆಯ ಹೆಂಗಸರ ಉತ್ತರವನ್ನು ಗಂಡಸರು ಹೇಳಬೇಡಿ. ಅವರೇ ಹೇಳಲಿ.